ವಾಪಸು ಕೊಟ್ಟ ಪಾದಗಳು

ಮೆರಿಫ್ಲೋರ್ ತನಾಲೆಯೊನಳ ಮಂಚದ ಕೆಳಗೆ ಸಾನ್ ರೋಕೆ ಕೇರಿಯ ಅರ್ಧ ಜನರ ಪಾದಗಳಿದ್ದವು. ಹಾಲಿನ ಪುಡಿಯ ಪೆಟ್ಟಿಗೆ, ಬಿಸ್ಕತ್ತಿನ ರಟ್ಟು, ಹೋದ ವರ್ಷದ ಕ್ಯಾಲೆಂಡರಿನ ಹಾಳೆ, ಹೀಗೆ ಕೈಗೆ ಸಿಕ್ಕಿದ್ದರ ಮೇಲೆ ಬರಿಗಾಲಲ್ಲಿ ನಿಂತು, ಸುತ್ತ ಪೆನ್ಸಿಲ್ಲಿನ ಗೆರೆ ಎಳೆಸಿಕೊಂಡು, ಕತ್ತರಿಸಿ, ಹೆಬ್ಬೆರಳಿನ ಹತ್ತಿರ ಹೆಸರು ಬರೆದು ಕೊಟ್ಟಿದ್ದರು. ಕೇರಿಯಿಂದ ಯಾರೇ ಹೊರದೇಶಕ್ಕೆ ಹೊರಟರೂ ನಾವು ಮಾಡುವುದು ಹೀಗೆಯೇ. ಅಲ್ಲಿಂದ ಬೂಟು ಕಳಿಸುವವರಿಗೆ ಅಳತೆ ತಪ್ಪಬಾರದಲ್ಲ. ಮೆರಿಫ್ಲೋರ್ ಇಂಗ್ಲೆಂಡಿಗೆ ಹೋಗಬೇಕಿತ್ತು, ಹೋಗಲಿಲ್ಲ. ಪಾದಗಳು ಮಾತ್ರ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಗೇ ಉಳಿದವು.

ಸಾನ್ ರೋಕೆಯವರ ಮಾತು ಕೇಳಲು ಮೆತ್ತಗೆ. ನಮ್ಮ ದ್ವೀಪದ ಇಲೊಂಗೊ ಭಾಷೆಯೇ ಹಾಗೆ. ಬೈದರೂ ತೊಟ್ಟಿಲು ತೂಗುವ ರಾಗದಲ್ಲಿ ಎಳೆದೆಳೆದು ಬರುತ್ತದೆ. ಹೊರಗಿನವರು ಅದನ್ನು ಒಳ್ಳೆಯತನ ಅಂದುಕೊಳ್ಳುತ್ತಾರೆ. ಅದೇ ರಾಗದಲ್ಲಿ ಒಬ್ಬರ ಕರುಳು ತೆಗೆದು ಬಿಸಿಲಿಗೆ ಹಾಕುವುದು ಹೇಗೆಂದು ತಿಳಿಯಬೇಕಾದರೆ ತಿಯಾ ಪ್ರೆಸಿಂಗಳ ಪಕ್ಕದ ಮನೆಯಲ್ಲಿ ಬಾಳಿ ನೋಡಬೇಕು. ಪ್ರೆಸಿಂಗ್ ಮೆರಿಫ್ಲೋರಳ ಚಿಕ್ಕಪ್ಪನ ಹೆಂಡತಿ, ತಿಯಾ ಎಂದರೆ ಚಿಕ್ಕಮ್ಮ. ಎರಡು ಮನೆಗಳ ನಡುವೆ ಒಂದು ಬಿದಿರಿನ ಬೇಲಿ, ಬೇಲಿಯಲ್ಲಿ ಹಂದಿ ನುಗ್ಗುವಷ್ಟು ಸಂದು. ಪ್ರೆಸಿಂಗಳ ಕಣ್ಣು ಸದಾ ಆ ಸಂದಿನಲ್ಲೇ ಇರುತ್ತಿತ್ತು.

ಅವಳ ಮಗಳು ಜೊಸೆಟ್ ರಿಯಾದಿನಲ್ಲಿ ನರ್ಸು. ಜೊಸೆಟ್ ಕಳಿಸಿದ ಬೂಟುಗಳನ್ನು ಪ್ರೆಸಿಂಗ್ ಪ್ರತಿ ಭಾನುವಾರ ಚರ್ಚಿನಿಂದ ಬಂದವಳೇ ಜಗಲಿಯ ಮೇಲೆ ಸಾಲಾಗಿ ಬಿಸಿಲಿಗೆ ಇಡುತ್ತಿದ್ದಳು. ಬಿಳಿಯದು, ಕೆಂಪಂಚಿನದು, ಹಿಮ್ಮಡಿ ಎತ್ತರದ್ದು. ಅವಳು ಹಾಕಿಕೊಂಡು ಓಡಾಡಿದ್ದನ್ನು ಯಾರೂ ಕಂಡಿರಲಿಲ್ಲ, ಕೇರಿಯಲ್ಲಿ ಅವಳು ತಿರುಗುತ್ತಿದ್ದುದು ರಬ್ಬರ್ ಚಪ್ಪಲಿಯಲ್ಲೇ. ಆದರೆ ಬೂಟುಗಳ ಮುಖ ಮಾತ್ರ ಯಾವಾಗಲೂ ಮೆರಿಫ್ಲೋರಳ ಮನೆಯ ಕಡೆಗೇ ತಿರುಗಿರುತ್ತಿತ್ತು.

ಮೆರಿಫ್ಲೋರಳ ತಾಯಿ ನಾನಾಯ್, ಅಂದರೆ ಅಮ್ಮ, ಸಲುದಳಿಗೆ ಆ ಸಾಲು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಗಂಡ ಸಮುದ್ರಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ಆಗಿನಿಂದ ಒಣಮೀನು ಮಾರಿ ಒಬ್ಬಳೇ ಮಗಳನ್ನು ಓದಿಸಿದ್ದಳು. ಹುಡುಗಿ ಚುರುಕಾಗಿದ್ದರೆ ನರ್ಸು, ನರ್ಸಾದರೆ ಹೊರದೇಶ. ಇದರಾಚೆ ಕೇರಿಯಲ್ಲಿ ಯಾರಿಗೂ ಯೋಚನೆ ಹರಿಯುತ್ತಿರಲಿಲ್ಲ. ಮೆರಿಫ್ಲೋರಳ ಜೊತೆ ಓದಿದವರು ಒಬ್ಬೊಬ್ಬರಾಗಿ ಡಬ್ಲಿನ್, ಸಿಂಗಾಪುರ ಅಂತ ಹಾರಿಹೋದರು. ಇವಳು ಇಂಗ್ಲಿಷ್ ಪರೀಕ್ಷೆಯ ಬರವಣಿಗೆಯಲ್ಲಿ ಮತ್ತೆ ಮತ್ತೆ ಮುಗ್ಗರಿಸಿದಳು. ಮಾತಾಡಲು ಬರುತ್ತಿತ್ತು, ಕೇಳಿದರೆ ತಿಳಿಯುತ್ತಿತ್ತು. ನಗರದಲ್ಲಿ ಮರ ನೆಡುವುದರ ಲಾಭನಷ್ಟ ಬರೆ ಅಂದರೆ ಕೈ ಮರಗಟ್ಟುತ್ತಿತ್ತು. ಹುಣ್ಣು ತೊಳೆಯುವುದಕ್ಕೂ ನಗರದ ಮರಕ್ಕೂ ಏನು ನಂಟು ಎಂದು ಅವಳಿಗೆ ಕೊನೆಗೂ ಅರ್ಥವಾಗಲಿಲ್ಲ. ಹೇಗೋ ಪಾಸಾಗಿ, ಇಂಗ್ಲೆಂಡಿನ ಒಂದು ಆಸ್ಪತ್ರೆ ಫೋನಿನ ಪರದೆಯಲ್ಲೇ ಅವಳನ್ನು ನೋಡಿ ಒಪ್ಪಿಕೊಂಡಾಗ ಅವಳ ತಲೆಯಲ್ಲಿ ಅಲ್ಲೊಂದು ಇಲ್ಲೊಂದು ಬಿಳಿಕೂದಲು ಬಂದಿತ್ತು.

ವೀಸಾ ಬರುವುದು ಬಾಕಿ ಇತ್ತು. ಆದರೆ ಬೀಳ್ಕೊಡುಗೆಯ ಊಟ ಈಗಲೇ ಆಗಬೇಕೆಂದು ನಾನಾಯ್ ಹಟ ಹಿಡಿದಳು.

"ವೀಸಾ ಕೈಗೆ ಬರ್ಲಿ ನಾನಾಯ್. ಆಮೇಲೆ ಹಂದಿ ಕಡಿಸಿದ್ರಾಯ್ತು."

"ಹಂದಿ ವೀಸಾಕ್ಕೆ ಕಾಯ್ಕೊಂಡು ಕೂತಿರತ್ತಾ? ಇನ್ನೂ ಕೊಬ್ಬಿದ್ರೆ ಚರ್ಮ ಗರಿಗರಿ ಬರಲ್ಲ. ಪ್ರೆಸಿಂಗ್ ಬಾಯಲ್ಲಿ ಅದು ರಬ್ಬರ್ ಆದ್ರೆ ಸಾಯೋವರೆಗೂ ಹೇಳ್ಕೊಂಡು ತಿರುಗ್ತಾಳೆ."

ಹಂದಿಯನ್ನು ಬಿದಿರಿಗೆ ಪೋಣಿಸಿ ಸುಟ್ಟರು. ಚರ್ಮ ಗರಿಗರಿಯಾಗಿಯೇ ಬಂತು. ಕೇರಿಗೆ ಕೇರಿಯೇ ಬಂದು ತಿಂದಿತು, ಮಿಕ್ಕಿದ್ದನ್ನು ಬಾಳೆಎಲೆಯಲ್ಲಿ ಕಟ್ಟಿಕೊಂಡು ಹೋಯಿತು. ಬೆರಳು ನೆಕ್ಕಿ ಮುಗಿಸಿದವರೇ ಪಾದ ಬರೆಸಲು ಸಾಲು ನಿಂತರು. ಮೊದಲ ಪಾದ ತಿಯಾ ಪ್ರೆಸಿಂಗಳದು. ಮನೆ ತುಂಬ ಬೂಟಿದ್ದರೂ ಅವಳು ಬಿಡಲಿಲ್ಲ. "ಜೊಸೆಟ್ ಕಳಿಸೋದು ಅರಬರ ದೇಶದ್ದು ಇಂದಾಯ್. ಇಂಗ್ಲೆಂಡಿಂದು ಒಂದಿರ್ಲಿ," ಎಂದಳು. ಇಂದಾಯ್ ಎಂದರೆ ಮಗಳೇ, ಹುಡುಗಿ. ಪ್ರೆಸಿಂಗಳ ಬಾಯಲ್ಲಿ ಆ ಮಾತು ಯಾವತ್ತೂ ಚುಚ್ಚದೆ ಹೊರಬಿದ್ದಿರಲಿಲ್ಲ.

ಎಲ್ಲರ ಪಾದ ಬರೆದಾದ ಮೇಲೆ ಮೆರಿಫ್ಲೋರ್ ಒಂದು ರಟ್ಟು ಹಿಡಿದು ತಾಯಿಯ ಕಡೆ ತಿರುಗಿದಳು. ನಾನಾಯ್ ಕೊಡಲಿಲ್ಲ. "ಬೂಟು ಹಾಕ್ಕೊಂಡು ಮೀನು ಒಣಗಿಸ್ಲಾ? ನನಗೆ ಬೇಡ ಹೋಗು," ಎಂದು ಪಾತ್ರೆ ಉಜ್ಜಲು ಕೂತಳು. ಜನ ನಕ್ಕರು. ಮೆರಿಫ್ಲೋರಳೂ ನಕ್ಕು ರಟ್ಟು ಮಡಿಸಿಟ್ಟಳು.

ಹಂದಿಯ ಜಿಡ್ಡು ಕೈಯಿಂದ ಹೋಗುವ ಮೊದಲೇ ಸುದ್ದಿ ಬಂತು. ಅಲ್ಲಿಯ ಆಸ್ಪತ್ರೆ ಹೊರಗಿನವರನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿತ್ತು. ಯಾವಾಗ ಮತ್ತೆ ಶುರುವಾಗುತ್ತದೋ ಗೊತ್ತಿಲ್ಲ, ಕಾಯಿರಿ. ಮೆರಿಫ್ಲೋರ್ ಜಿಲ್ಲಾ ಆಸ್ಪತ್ರೆಯ ಕೆಲಸ ಬಿಟ್ಟಾಗಿತ್ತು. ಸೇವೆಯ ಬಿಳಿ ಉಡುಪುಗಳನ್ನು ಹೊಸ ಹುಡುಗಿಯರಿಗೆ ಹಂಚಿಯಾಗಿತ್ತು. ನಾಚಿಕೆ ನುಂಗಿಕೊಂಡು ಅದೇ ಆಸ್ಪತ್ರೆಗೆ ಹೋಗಿ ಹೆಡ್ ನರ್ಸ್ ಮ್ಯಾಡಂ ಡೆಲ್ಫಾಳ ಮುಂದೆ ನಿಂತಳು.

ಡೆಲ್ಫಾ ತಲೆ ಎತ್ತಲಿಲ್ಲ. "ನೀನು ಹೊರಟೆ ಅಂತ ಕೇಕ್ ತಿಂದಿದೀವಿ. ವಾಪಸ್ ಕೊಡೋಕಾಗಲ್ಲ."

"ಕೇಕ್ ಬೇಡ ಮ್ಯಾಡಂ. ಕೆಲಸ ಬೇಕು."

"ಕೆಲಸ ಬೇಕಾ, ನಿಲ್ಲೋಕೆ ಜಾಗ ಬೇಕಾ? ಇದು ಬಸ್ ಸ್ಟ್ಯಾಂಡ್ ಅಲ್ಲ ಮೆರಿಫ್ಲೋರ್. ನಾನು ಕಲಿಸ್ತೀನಿ, ನೀವು ರೆಕ್ಕೆ ಬಡಿದು ಹೋಗ್ತೀರಿ. ಇಂಗ್ಲೆಂಡಿನ ರಾಣಿ ನನಗೇನು ಸಂಬಳ ಕೊಡ್ತಾ ಇದ್ಲಾ?"

ಡೆಲ್ಫಾಳಿಗೂ ಹೋಗುವ ಆಸೆಯಿತ್ತು, ಕಾಲ ಕಳೆದುಹೋಗಿತ್ತು. ಎಲ್ಲರಿಗೂ ಗೊತ್ತಿದ್ದ ಸಂಗತಿ, ಯಾರೂ ಬಾಯಿ ಬಿಡುತ್ತಿರಲಿಲ್ಲ. ಕೊನೆಗೆ ಹಂಗಾಮಿ ಎಂದು ಸೇರಿಸಿಕೊಂಡು, ಯಾರೂ ಬೇಡವೆನ್ನುವ ಕೆಲಸಕ್ಕೆ ಹಾಕಿದಳು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ತೊಳೆದು ಕಟ್ಟುವುದು. ಬೆಳಗಿನಿಂದ ಸಂಜೆವರೆಗೆ ಮೆರಿಫ್ಲೋರಳ ಮುಂದೆ ಕಾಲು, ಬರೀ ಕಾಲು. ಮನೆಗೆ ಬಂದರೆ ಮಂಚದ ಕೆಳಗೆ ಮತ್ತೆ ಕಾಲು.

ನಮ್ಮಲ್ಲಿ ದಾರಿಯಲ್ಲಿ ಸಿಕ್ಕವರನ್ನು ಮಾತಾಡಿಸುವ ರೀತಿ ಒಂದೇ: ಎಲ್ಲಿಗೆ? ಯಾರೂ ಉತ್ತರ ಬಯಸಿ ಕೇಳುವುದಿಲ್ಲ. ಅಲ್ಲಿಗೆ ಎಂದು ಗದ್ದ ಎತ್ತಿ ತೋರಿಸಿದರೆ ಸಾಕು, ಮುಗಿಯಿತು. ಹಂದಿ ತಿಂದ ಮೇಲೆ ಮೆರಿಫ್ಲೋರಳಿಗೆ ಮಾತ್ರ ಆ ಮಾತಿನ ಕೊನೆಯಲ್ಲಿ ಒಂದು ಸಣ್ಣ ಎಳೆತ ಸೇರಿಕೊಂಡಿತು.

"ಎಲ್ಲಿಗೆ ಇಂದಾಯ್, ಇಂಗ್ಲೆಂಡಿಗಾ?" ಎಂದು ಬ್ರೆಡ್ಡಿನಂಗಡಿಯವನು.

"ಎಲ್ಲಿಗೆ? ವಿಮಾನ ಇವತ್ತು ಮಾರ್ಕೆಟ್ ಹತ್ರ ಇಳಿಯತ್ತಂತಾ?" ಎಂದು ಮೀನಿನ ಹೆಂಗಸರು.

ತಿಯಾ ಪ್ರೆಸಿಂಗ್ ಬೇಲಿಯ ಸಂದಿನಿಂದ ಇನ್ನೂ ಮೆತ್ತಗೆ ಕೇಳುತ್ತಿದ್ದಳು. "ನನ್ನ ಹೆಬ್ಬೆರಳ ಪಕ್ಕ ಗಂಟು ಬಂದಿದೆ ಕಣೇ. ಹಳೇ ಅಳತೆ ಆಗಲ್ಲ. ಇನ್ನೊಂದ್ಸಲ ಬರ್ಕೊಳ್ತೀಯಾ? ನಿನಗೇನು ಅವಸರ ಇಲ್ವಲ್ಲ."

ಮೆರಿಫ್ಲೋರ್ ಹಲ್ಲು ಕಚ್ಚಿಕೊಂಡು ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದಳು. ತಾಯಿಯ ಮೇಲೂ ಸಿಟ್ಟಿತ್ತು. ಅವಸರ ಮಾಡಿ ಹಂದಿ ಕಡಿಸಿದವಳು ಅವಳೇ ತಾನೆ. ಇಬ್ಬರ ನಡುವೆ ಮಾತು ಊಟಕ್ಕೆ ಬಾ, ಆಯ್ತು, ಇಷ್ಟಕ್ಕೆ ಬಂದು ನಿಂತಿತು. ಕರಿ ತೊಗರಿಯ ಜೊತೆ ಹಲಸಿನ ಕಾಯಿ ಬೇಯಿಸಿದ್ದರೂ ಮಗಳು ಚೆನ್ನಾಗಿದೆ ಅನ್ನಲಿಲ್ಲ, ತಾಯಿ ಇನ್ನಷ್ಟು ಬಡಿಸಲಾ ಅನ್ನಲಿಲ್ಲ. ತಾಯಿ ಈಚೆಗೆ ಚಪ್ಪಲಿಯ ಜೊತೆ ಕಾಲುಚೀಲ ಹಾಕತೊಡಗಿದ್ದು ಮಗಳ ಕಣ್ಣಿಗೆ ಬಿತ್ತು, ಹಿಮ್ಮಡಿ ಒಡೆದಿರಬೇಕು ಎಂದುಕೊಂಡು ಸುಮ್ಮನಾದಳು. ಬೆಳಿಗ್ಗೆ ಹಿತ್ತಲಿನಿಂದ ಸೀಬೆ ಎಲೆ ಕುದಿಸಿದ ವಾಸನೆ ಬರುತ್ತಿತ್ತು, ಅದನ್ನೂ ಕೇಳಲಿಲ್ಲ.

ಮತ್ತೊಂದು ಮಳೆಗಾಲ ಬರುವ ಹೊತ್ತಿಗೆ ಇಂಗ್ಲೆಂಡಿನ ಬೇರೊಂದು ಆಸ್ಪತ್ರೆ ಅವಳನ್ನು ಒಪ್ಪಿತು. ಈ ಸಲ ಮೆರಿಫ್ಲೋರ್ ಬಾಯಿಗೆ ಬೀಗ ಹಾಕಿಕೊಂಡಳು. ತಾಯಿಗೆ ಮಾತ್ರ ಹೇಳಿ, ಯಾರ ಹತ್ತಿರವಾದರೂ ಉಸಿರೆತ್ತಿದರೆ ಹೋಗುವುದನ್ನೇ ಬಿಟ್ಟುಬಿಡುತ್ತೇನೆ ಎಂದಳು. ನಾನಾಯ್ ಆಣೆ ಮಾಡಿದಳು. ವೀಸಾ ಕೈಗೆ ಬಂತು, ವಿಮಾನದ ದಿನವೂ ಗೊತ್ತಾಯಿತು. ಆಗಸ್ಟಿನಲ್ಲಿ ಸಂತ ರೋಕೆಯ ಹಬ್ಬ ಬಂದಾಗ ಹೊರಡಲು ಕೆಲವೇ ವಾರ ಉಳಿದಿದ್ದವು.

ಹಬ್ಬದ ದಿನ ಸಾನ್ ರೋಕೆಯಲ್ಲಿ ಯಾರ ಮನೆಗೆ ಯಾರು ಬೇಕಾದರೂ ನುಗ್ಗಿ ಉಣ್ಣಬಹುದು. ತಿಯಾ ಪ್ರೆಸಿಂಗ್ ಒಂದು ಹಿಂಡು ನೆಂಟರ ಜೊತೆ ನುಗ್ಗಿದಳು. ತಟ್ಟೆ ತುಂಬಿಸಿಕೊಂಡು, ಕಂಕುಳಿನಿಂದ ಒಂದು ಹೊಸ ರಟ್ಟು ತೆಗೆದು ಮೇಜಿನ ಮೇಲೆ, ಅನ್ನದ ಪಾತ್ರೆಯ ಪಕ್ಕದಲ್ಲೇ ಇಟ್ಟಳು.

"ಕದ್ದು ಹೋಗ್ತೀಯಂತಲ್ಲ ಇಂದಾಯ್. ಹೋಗು, ಹೋಗು. ಈ ಸಲ ಹಂದಿ ಇಲ್ವಾ? ಒಳ್ಳೇದಾಯ್ತು. ಹೋಗದಿದ್ರೂ ನಷ್ಟ ಇಲ್ಲ. ಆದ್ರೆ ಕಾಲು ಮಾತ್ರ ಹೊಸದಾಗಿ ಬರ್ಕೋ."

ನೆಂಟರು ಬಾಯಲ್ಲಿ ಅನ್ನ ಇಟ್ಟುಕೊಂಡೇ ನಕ್ಕರು. ಮೆರಿಫ್ಲೋರ್ ತಾಯಿಯ ಮುಖ ನೋಡಿದಳು. ನಾನಾಯ್ ನೋಟ ತಪ್ಪಿಸಿ ನೀರಿನ ಜಗ್ಗು ತುಂಬಿಸಲು ಎದ್ದಳು. ಹೇಳಿದವಳು ಅವಳೇ ಎಂದು ಅಲ್ಲಿಗೆ ಖಾತ್ರಿಯಾಯಿತು. ಮೆರಿಫ್ಲೋರಳಿಗೆ ಮೈಯೆಲ್ಲ ಬೆಂಕಿ ಬಿದ್ದ ಹಾಗಾಯಿತು. ಮಾರನೆಯ ದಿನ ಬೆಳಿಗ್ಗೆ ಮಂಚದ ಕೆಳಗಿನ ಚೀಲ ಎಳೆದುಕೊಂಡು ಬೀದಿಗೆ ಇಳಿದಳು.

ಪಾದ ವಾಪಸು ಕೊಡುವುದನ್ನು ಸಾನ್ ರೋಕೆ ಅದುವರೆಗೆ ಕಂಡಿರಲಿಲ್ಲ. ಕಳೆದುಹೋಯಿತು ಅನ್ನಬಹುದು, ಹೆಗ್ಗಣ ತಿಂದಿತು ಅನ್ನಬಹುದು, ಅಂಗಡಿಯಲ್ಲಿ ಆ ಅಳತೆ ಸಿಗಲಿಲ್ಲ ಅನ್ನಬಹುದು. ಕೈಗೆ ತಂದು ಕೊಡುವುದೆಂದರೆ ನಿನಗೂ ನನಗೂ ಸಂಬಂಧ ಹರಿಯಿತು ಎಂದು ಮುಖಕ್ಕೆ ಉಗಿದ ಹಾಗೆ. ಬ್ರೆಡ್ಡಿನಂಗಡಿಯವನ ಪಾದವನ್ನು ಅವನ ಗಾಜಿನ ಪೆಟ್ಟಿಗೆಯ ಮೇಲೆ ಇಟ್ಟಳು. ಮೀನಿನ ಹೆಂಗಸರ ಪಾದಗಳನ್ನು ಅವರವರ ಬುಟ್ಟಿಯ ಅಂಚಿಗೆ ಸಿಕ್ಕಿಸಿದಳು.

"ಏನಿದು?" ಎಂದಳು ಅವರಲ್ಲಿ ಹಿರಿಯಳು, ಎಲ್ಲರೂ ಮಾನಾಂಗ್, ಅಕ್ಕ ಎಂದು ಕರೆಯುವವಳು.

"ನಿಮ್ಮ ಕಾಲು ಮಾನಾಂಗ್. ನನ್ನ ಮನೇಲಿ ಜಾಗ ಇಲ್ಲ."

"ಒಂದು ಹಂದಿ ತಿಂದಿದ್ದಕ್ಕೆ ಇಷ್ಟು ಸೊಕ್ಕಾ ನಿನಗೆ?"

"ತಿಂದಿದ್ದು ನೀವು. ಸೊಕ್ಕು ನನಗೆ ಹೇಗೆ ಬರತ್ತೆ?"

ಅವಳಿಗೆ ಖುಷಿಯಾಯಿತು. ಸುಳ್ಳು ಹೇಳಿ ಪ್ರಯೋಜನವಿಲ್ಲ, ತುಂಬ ಖುಷಿಯಾಯಿತು. ಚೀಲ ಹಗುರವಾದ ಹಾಗೆ ನಡಿಗೆ ಜೋರಾಯಿತು. ಕೊನೆಯ ಮನೆ ತಿಯಾ ಪ್ರೆಸಿಂಗಳದು. ಹಳೆಯ ಪಾದವನ್ನೂ ಹೊಸದಾಗಿ ತಂದಿಟ್ಟ ರಟ್ಟನ್ನೂ ಸೇರಿಸಿ ಗೇಟಿನ ಮೇಲಿನಿಂದ ಚಾಚಿದಳು.

ಪ್ರೆಸಿಂಗ್ ಕೈ ಒರೆಸಿಕೊಂಡು ಬಂದು ತೆಗೆದುಕೊಂಡಳು. ಸಿಟ್ಟು ಮಾಡಲಿಲ್ಲ. ಅವಳ ದನಿ ಎಂದಿಗಿಂತ ಮೆತ್ತಗಾಯಿತು, ಕೆಟ್ಟ ಮಾತು ಬರುವ ಮುಂಚೆ ಅದು ಯಾವಾಗಲೂ ಹಾಗೇ ಆಗುವುದು.

"ಎಲ್ಲರ ಕಾಲೂ ಕೊಟ್ಟಾಯ್ತಾ?"

"ಆಯ್ತು."

"ಯಾರ ಕಾಲು ನೀನು ತಗೊಂಡೇ ಇರ್ಲಿಲ್ಲ, ಅದು ಗೊತ್ತಾ ನಿನಗೆ? ದಿನಾ ಊರವರ ಹುಣ್ಣು ತೊಳೀತೀಯಂತೆ. ನಮ್ಮ ಸಂತ ರೋಕೆ ಚರ್ಚಲ್ಲಿ ಅಂಗಿ ಎತ್ತಿ ಕಾಲಿನ ಹುಣ್ಣು ತೋರಿಸ್ಕೊಂಡು ನಿಂತಿದಾನೆ, ಅವನಿಗಿಲ್ಲದ ನಾಚಿಕೆ ನಿಮ್ಮಮ್ಮನಿಗೆ. ನನ್ನ ಹಿತ್ತಲಿನ ಸೀಬೆ ಗಿಡ ಬೋಳಾಗಿದೆ, ಹೋಗಿ ನೋಡು. ಮೊದಲು ನಿನ್ನ ಮನೆ ಕಾಲು ನೋಡು ಇಂದಾಯ್, ಆಮೇಲೆ ನನ್ನದನ್ನ ಎಸಿ."

ಮೆರಿಫ್ಲೋರ್ ಬೇಲಿಯ ಸಂದಿನಿಂದಲೇ ನುಗ್ಗಿ ಮನೆಗೆ ಓಡಿದಳು. ನಾನಾಯ್ ಮೀನು ಹರವುವ ತಟ್ಟಿಯ ಪಕ್ಕ ಕೂತಿದ್ದಳು.

"ಕಾಲುಚೀಲ ತೆಗಿ."

"ಯಾಕೆ? ಊರವರ ಕಾಲು ಖಾಲಿಯಾಯ್ತಾ?"

"ತೆಗಿ ಅಂದೆ."

"ತೆಗಿಯಲ್ಲ. ಆಸ್ಪತ್ರೆ ಮಾತು ಆಸ್ಪತ್ರೇಲಿ ಇಟ್ಕೋ."

ಮೆರಿಫ್ಲೋರ್ ನೆಲಕ್ಕೆ ಕೂತು ಕಾಲು ಹಿಡಿದಳು. ತಾಯಿ ಒದ್ದಳು. ಮಗಳು ಬಿಡಲಿಲ್ಲ. ಇಬ್ಬರು ಬೆಳೆದ ಹೆಂಗಸರು ಮೀನಿನ ತಟ್ಟಿಯ ಪಕ್ಕ ಹೀಗೆ ಎಳೆದಾಡಿ, ಕೊನೆಗೆ ಕಾಲುಚೀಲ ಕೈಗೆ ಬಂತು. ಹೆಬ್ಬೆರಳ ಪಕ್ಕದ ಬೆರಳು ಕಪ್ಪಾಗಿತ್ತು. ಬುಡದಲ್ಲಿ ಹುಣ್ಣು, ಸುತ್ತ ಊತ. ಆ ವಾಸನೆ ಅವಳಿಗೆ ಗೊತ್ತಿತ್ತು, ದಿನವೂ ಅದರಲ್ಲೇ ಬದುಕುತ್ತಿದ್ದಳು. ಸೀಬೆ ಎಲೆಯ ವಾಸನೆಯ ಕೆಳಗೆ ಅದು ಮಲಗಿತ್ತು.

"ಎಷ್ಟು ದಿನದಿಂದ?"

"ಮೀನಿನ ಮುಳ್ಳು ತಾಗಿತ್ತು. ನೋವೇ ಇಲ್ಲ ಕಣೇ."

"ನೋವಿಲ್ಲದ್ದೇ ಕಾಯಿಲೆ. ನನ್ನ ಕೇಳ್ಬಾರ್ದಿತ್ತಾ? ಪ್ರೆಸಿಂಗ್ ಹತ್ರ ಹೋಗಿ ಎಲೆ ಕುದಿಸ್ಕೊಂಡು ಕೂತಿದೀಯಲ್ಲ, ಆಯಮ್ಮ ಡಾಕ್ಟ್ರಾ? ಅದಕ್ಕೇ ತಾನೇ ನನ್ನ ಸುದ್ದಿ ಎಲ್ಲಾ ಅಲ್ಲಿ ಒದರಿದ್ದು?"

"ನಿನಗೆ ಹೇಳಿದ್ರೆ ನೀನು ಹೋಗ್ತಿದ್ಯಾ?" ನಾನಾಯ್ ಕಾಲನ್ನು ಆಮೆಯ ಹಾಗೆ ಒಳಕ್ಕೆ ಎಳೆದುಕೊಂಡಳು. "ನೀನು ಗೋಡೆ ಕಡೆ ಮುಖ ಮಾಡಿ ಮಲಗ್ತಿದ್ದೆ. ಗೋಡೆಗೆ ತೋರಿಸಬೇಕಿತ್ತಾ ನನ್ನ ಕಾಲು?"

ಮೆರಿಫ್ಲೋರ್ ಕಾಲುಚೀಲವನ್ನು ನೆಲಕ್ಕೆ ಹಾಕಿದಳು. ಕೇರಿಯವರ ಮೇಲೆ ಬೆಳೆಸಿಕೊಂಡ ಸಿಟ್ಟೆಲ್ಲ ತಿರುಗಿ ತನ್ನ ಎದೆಗೇ ಬಂದು ಬಡಿಯಿತು. ದಿನವೂ ಆಸ್ಪತ್ರೆಯಲ್ಲಿ ರೋಗಿಗಳ ಮಕ್ಕಳಿಗೆ ಅವಳೇ ಬೈಯುತ್ತಿದ್ದಳು, ಒಂದೇ ಮನೆಯಲ್ಲಿದ್ದು ಕಾಣಲಿಲ್ಲವೇ ಎಂದು.

ಸೈಡ್‌ಕಾರ್ ಕಟ್ಟಿದ ಬೈಕಿನಲ್ಲಿ ತಾಯಿಯನ್ನು ಕೂರಿಸಿಕೊಂಡು ಆಸ್ಪತ್ರೆಗೆ ಬಂದಾಗ ಮ್ಯಾಡಂ ಡೆಲ್ಫಾ ಕಾಲು ನೋಡಿದಳು, ಮೆರಿಫ್ಲೋರಳ ಮುಖ ನೋಡಿದಳು. ಮೆರಿಫ್ಲೋರ್ ಕೈಗವಸಿನ ಪೆಟ್ಟಿಗೆಗೆ ಕೈ ಹಾಕಿದ್ದೇ ಡೆಲ್ಫಾ ಅದನ್ನು ಪಕ್ಕಕ್ಕೆ ಸರಿಸಿದಳು.

"ನೀನು ಆಚೆ ನಿಂತ್ಕೋ. ಇವತ್ತು ನೀನು ನರ್ಸ್ ಅಲ್ಲ, ರೋಗಿ ಕಡೆಯವಳು. ರೋಗಿ ಕಡೆಯವರಿಗೆ ನಾವು ಏನು ಹೇಳ್ತೀವಿ, ಅದನ್ನ ನಿನಗೆ ನೀನೇ ಹೇಳ್ಕೋ."

ಡಾಕ್ಟರು ಆ ಬೆರಳನ್ನು ತೆಗೆದರು. ಕಾಲು ಉಳಿಯಿತು. ಇನ್ನೂ ತಡವಾಗಿದ್ದರೆ ಪಾದವೇ ಹೋಗುತ್ತಿತ್ತು ಎಂದರು. ವಾರ್ಡಿನಲ್ಲಿ ತಾಯಿಗೆ ಗಾಳಿ ಬೀಸುತ್ತ ಕೂತು ಮೆರಿಫ್ಲೋರ್ ಒಂದು ತೀರ್ಮಾನಕ್ಕೆ ಬಂದಳು. ಹುಣ್ಣು ಮಾಯಲು ತಿಂಗಳುಗಳೇ ಬೇಕು, ದಿನವೂ ಕಟ್ಟು ಬದಲಿಸಬೇಕು, ಸಕ್ಕರೆ ನೋಡಬೇಕು. ಕೇರಿಯಲ್ಲಿ ಯಾರನ್ನು ಕೇಳುವುದು? ನಿನ್ನೆ ಮೊನ್ನೆ ತಾನೇ ಎಲ್ಲರ ಕಾಲನ್ನೂ ಅವರ ಮುಖಕ್ಕೆ ಎಸೆದು ಬಂದಿದ್ದಳು. ತಾನು ಹೋಗುವುದಿಲ್ಲ ಎಂದು ತಾಯಿಗೆ ಹೇಳಿದಳು.

ನಾನಾಯ್ ದಿಂಬಿನಿಂದ ತಲೆ ಎತ್ತಿದಳು. "ಹಂದಿ ತಿಂದಾಯ್ತು. ನನ್ನ ಮಾನ ತಿಂದಾಯ್ತು. ಈಗ ನನ್ನ ಬೆರಳೂ ತಿಂದಾಯ್ತು. ಇನ್ನೇನು ತಿನ್ನೋಕೆ ಉಳ್ಕೋತೀಯಾ ಇಲ್ಲಿ?"

"ನಿನ್ನ ಯಾರು ನೋಡ್ಕೊಳ್ತಾರೆ?"

"ಇಷ್ಟು ದಿನ ನೀನು ನೋಡ್ಕೊಂಡ್ಯಾ?"

ಪಕ್ಕದ ಹಾಸಿಗೆಯವರು ಕಿವಿ ನೆಟ್ಟಗೆ ಮಾಡಿಕೊಂಡು ಕೇಳುತ್ತಿದ್ದರು. ಮೆರಿಫ್ಲೋರ್ ಬೀಸಣಿಗೆ ಕೆಳಗಿಟ್ಟು ಹೊರಗೆ ಬಂದಳು. ಮೆಟ್ಟಿಲ ಮೇಲೆ ಡೆಲ್ಫಾ ನಿಂತಿದ್ದಳು.

"ಇಂಗ್ಲೆಂಡಿಂದ ಫೋನ್ ಬಂದಿತ್ತು, ನಿನ್ನ ಬಗ್ಗೆ ವಿಚಾರಿಸೋಕೆ. ಹೋದ ತಿಂಗಳೇ," ಎಂದಳು ಡೆಲ್ಫಾ. "ಒಳ್ಳೇ ನರ್ಸ್, ಹುಣ್ಣು ಕಟ್ಟೋದ್ರಲ್ಲಿ ಇವಳಷ್ಟು ಕೈ ಯಾರದ್ದೂ ಇಲ್ಲ ಅಂದೆ. ಅದು ನಿಜ ಅನ್ನೋದೇ ನನಗೆ ಉರಿ. ಹೋಗು. ನೀನಿಲ್ಲಿ ಉಳಿದ್ರೆ ದಿನಾ ಬೆಳಿಗ್ಗೆ ಎದ್ದು ನಿನ್ನ ಮುಖ ನೋಡ್ಬೇಕು, ನನ್ನ ಮುಖ ಕನ್ನಡೀಲಿ ನೋಡೋದು ಸಾಲದಾ?"

ಮಾರನೆಯ ದಿನ ತಿಯಾ ಪ್ರೆಸಿಂಗ್ ಬಂದಳು. ಒಂದು ಡಬ್ಬಿ ಗಂಜಿ ತಂದಿದ್ದಳು. ಅದನ್ನು ನಾನಾಯ್ ಪಕ್ಕ ಕುಕ್ಕಿ, ಮೆರಿಫ್ಲೋರಳನ್ನು ಕಿಟಕಿಯ ಹತ್ತಿರ ಕರೆದಳು.

"ನಿಮ್ಮಮ್ಮನ ಕಾಲು ನಾನು ನೋಡ್ಕೋತೀನಿ. ಪ್ರೀತಿಗಲ್ಲ. ನೀನು ಬದುಕಿರೋವರೆಗೂ ನನ್ನ ಋಣ ಹೊತ್ಕೊಂಡು ತಿರುಗ್ಬೇಕು, ಅದಕ್ಕೆ."

"ಸೀಬೆ ಎಲೆ ಮುಟ್ಟಬಾರ್ದು ತಿಯಾ. ನಿಮ್ಮ ಕಷಾಯ ನಂಬ್ಕೊಂಡು ಬೆರಳು ಹೋಯ್ತು."

"ನಿನ್ನ ಇಂಗ್ಲೆಂಡ್ ನಂಬ್ಕೊಂಡು ಹೋಯ್ತು. ಕಲಿಸೋದಾದ್ರೆ ಕಲಿಸು, ಇಲ್ಲಾಂದ್ರೆ ಬಾಯ್ಮುಚ್ಚು."

ಮೆರಿಫ್ಲೋರ್ ಕಲಿಸಿದಳು. ಮನೆಗೆ ಬಂದ ಮೇಲೆ ದಿನವೂ ಪ್ರೆಸಿಂಗಳ ಕೈಯಲ್ಲೇ ಕಟ್ಟು ಬಿಚ್ಚಿಸಿ, ತೊಳೆಸಿ, ಕಟ್ಟಿಸಿದಳು. ಕೈ ತೊಳೆದಿರಾ ಎಂದರೆ, ನಾನೇನು ಹಂದಿ ಕಡಿದು ಬಂದಿದೀನಾ ಎಂದು ಉತ್ತರ. ಬಿಗಿಯಾಯಿತು ಎಂದರೆ, ನಿನ್ನ ಬಾಯಿಗೆ ಕಟ್ಟಲಾ ಎಂದು ಉತ್ತರ. ಕಾಲಿನ ಒಡತಿ ಇಬ್ಬರಿಗೂ ಬೈಯುತ್ತಿದ್ದಳು. ಆದರೆ ಪ್ರೆಸಿಂಗಳ ಕೈ ನಡುಗುತ್ತಿರಲಿಲ್ಲ, ಮೂಗು ಸಿಂಡರಿಸುತ್ತಿರಲಿಲ್ಲ. ಹುಣ್ಣಿನ ಅಂಚು ಕೆಂಪಗೆ, ಆರೋಗ್ಯವಾಗಿ ಬರತೊಡಗಿತು. ಅದನ್ನು ನೋಡಿದಾಗ ಮೆರಿಫ್ಲೋರಳಿಗೆ ಸಮಾಧಾನವೂ ಆಯಿತು, ಅಷ್ಟೇ ಅವಮಾನವೂ ಆಯಿತು.

ವಾಪಸು ಬಂದ ಪಾದವನ್ನು ಮಾತ್ರ ಪ್ರೆಸಿಂಗ್ ಬಿಸಾಕಿರಲಿಲ್ಲ. ಬೀದಿಗೆಲ್ಲ ಕಾಣುವ ಹಾಗೆ ಗೇಟಿನ ಮೇಲೆ ಮೊಳೆ ಹೊಡೆದು ತೂಗುಹಾಕಿದ್ದಳು. ಮಳೆಗೆ ನೆನೆಯದಂತೆ ಮೇಲೆ ಪ್ಲಾಸ್ಟಿಕ್ ಹೊದಿಸಿದ್ದಳು. ಹೋಗಿಬರುವವರು ಏನೆಂದು ಕೇಳಿದರೆ, ನಮ್ಮ ಇಂದಾಯ್ ಕೊಟ್ಟ ಬಹುಮಾನ ಎನ್ನುತ್ತಿದ್ದಳು.

ಹೊರಡುವ ಬೆಳಿಗ್ಗೆ ಹಂದಿ ಇರಲಿಲ್ಲ, ಜನರೂ ಇರಲಿಲ್ಲ. ಕೇರಿಯವರು ಬಾಗಿಲು ಅರ್ಧ ತೆರೆದು ನೋಡಿದರು, ಹೊಸ್ತಿಲು ದಾಟಲಿಲ್ಲ. ಒಂದು ಪಾದವೂ ಬರಲಿಲ್ಲ. ಮೆರಿಫ್ಲೋರ್ ಬಯಸಿದ್ದು ಇದನ್ನೇ. ಆದರೂ ಎರಡು ಸಲ ಬಾಗಿಲಿಗೆ ಬಂದು ಬೀದಿ ನೋಡಿದಳು, ತನ್ನ ಮೇಲೇ ಸಿಟ್ಟು ಬಂತು. ಒಣಮೀನು, ಬೆಳ್ಳುಳ್ಳಿ ಹಾಕಿ ಹುರಿದ ಅನ್ನ ಉಂಡು ಕೈತೊಳೆದಳು. ಸೈಡ್‌ಕಾರಿನವನು ಹೊರಗೆ ಹಾರನ್ ಒತ್ತಿದ.

ನಾನಾಯ್ ಕುರ್ಚಿಯಲ್ಲಿ ಕೂತು ಕಾಲನ್ನು ಮಣೆಯ ಮೇಲೆ ಚಾಚಿದ್ದಳು. "ಒಂದು ರಟ್ಟು ತಾ," ಎಂದಳು.

"ಯಾಕೆ?"

"ಕೇಳ್ಬೇಡ. ತಾ."

ಮೆರಿಫ್ಲೋರ್ ಕೈಗವಸಿನ ಖಾಲಿ ಪೆಟ್ಟಿಗೆ ಹರಿದು ಹರವಿ ನೆಲದ ಮೇಲೆ ಇಟ್ಟಳು. ಪೆನ್ಸಿಲ್ ಹುಡುಕಿ ತಂದು ಮಂಡಿಯೂರಿದಳು.

"ಕಟ್ಟು ಬಿಚ್ಚು."

"ಬೇಡ ನಾನಾಯ್. ಹಾಗೇ ಬರೀತೀನಿ."

"ಕಟ್ಟಿಗೆ ಬೂಟು ಹಾಕ್ತೀಯಾ, ಕಾಲಿಗೆ ಹಾಕ್ತೀಯಾ? ಬಿಚ್ಚು ಅಂದೆ."

ಬಿಚ್ಚಿದಳು. ಹುಣ್ಣಿನ ಅಡಿಗೆ ಮಾತ್ರ ಶುಭ್ರವಾದ ಬಟ್ಟೆಯ ಚೂರು ಇಟ್ಟು, ತಾಯಿಯ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ರಟ್ಟಿನ ಮೇಲೆ ಇರಿಸಿ, ಹಿಮ್ಮಡಿಯಿಂದ ಗೆರೆ ಎಳೆಯತೊಡಗಿದಳು. ಹೆಬ್ಬೆರಳನ್ನು ಸುತ್ತಿದ ಗೆರೆ ಬೆರಳಿಲ್ಲದ ಜಾಗದಲ್ಲಿ ಒಳಕ್ಕೆ ಹೋಗಿ, ಮತ್ತೆ ಹೊರಗೆ ಬಂತು. ಅಲ್ಲಿ ಪೆನ್ಸಿಲ್ ನಿಂತಿತು.

"ಯಾಕೆ ನಿಲ್ಲಿಸಿದೆ? ಬೆರಳು ಕಮ್ಮಿ ಆದ್ರೆ ಗೆರೆ ಬೇಗ ಮುಗಿಬೇಕು."

ಮೆರಿಫ್ಲೋರ್ ಮುಗಿಸಿದಳು. ಕತ್ತರಿಸುವಾಗ ಕೇಳಿದಳು, "ಅವತ್ತು ಯಾಕೆ ಕೊಡ್ಲಿಲ್ಲ?"

ನಾನಾಯ್ ಬೇಲಿಯ ಕಡೆ ನೋಡಿದಳು. ಆಚೆ ಜಗಲಿಯಲ್ಲಿ ಜೊಸೆಟಳ ಬೂಟುಗಳು ಬಿಸಿಲಿಗೆ ಕೂತಿದ್ದವು. "ಪ್ರೆಸಿಂಗ್ ಕಾಲು ಕೊಟ್ಳು. ವರ್ಷ ವರ್ಷ ಬೂಟು ಬರತ್ತೆ. ಮಗಳು ಬಂದಿದ್ದು ನೋಡಿದೀಯಾ ನೀನು? ಬೂಟು ಹಾಕ್ಕೊಂಡ್ರೆ ಹಳೇದಾಗತ್ತೆ ಅಂತ ಬಿಸಿಲಿಗಿಡ್ತಾಳೆ. ನನಗೆ ಅಂಥಾ ಬೂಟು ಬೇಡ."

"ಮತ್ತೆ ಈಗ ಯಾಕೆ ಕೊಟ್ಟೆ?"

"ನನ್ನ ಕಾಲು ಈಗ ಅಂಗಡಿ ಅಳತೆಗೆ ಸಿಗಲ್ಲ. ತೊಡಿಸಿ ನೋಡಿದ್ರೇನೇ ಗೊತ್ತಾಗೋದು." ಅವಳ ದನಿಯಲ್ಲಿ ಕರುಣೆಯ ಸುಳಿವೂ ಇರಲಿಲ್ಲ, ಸಾಲ ವಸೂಲಿಗೆ ನಿಂತವಳ ಹಾಗೆ ಮಗಳ ಮುಖವನ್ನೇ ದಿಟ್ಟಿಸುತ್ತಿದ್ದಳು. "ಪೆಟ್ಟಿಗೇಲಿ ಹಾಕಿ ಕಳಿಸಿದ್ರೆ ನಾಯಿಗೆ ಹಾಕ್ತೀನಿ. ನೀನೇ ತಗೊಂಡು ಬಾ. ನೀನೇ ಹೀಗೇ ನೆಲಕ್ಕೆ ಕೂತ್ಕೊಂಡು ಹಾಕು."

ಮೆರಿಫ್ಲೋರ್ ತಾಯಿಯ ಕಾಲಿಗೆ ಹೊಸ ಕಟ್ಟು ಕಟ್ಟಿದಳು. ರಟ್ಟಿನ ಪಾದವನ್ನು ಮಡಿಸಲು ಮನಸ್ಸಾಗದೆ, ಪಾಸ್‌ಪೋರ್ಟಿನ ಜೊತೆ ಕೈಚೀಲದಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು ಹೊರಗೆ ಬಂದಳು.

ತಿಯಾ ಪ್ರೆಸಿಂಗ್ ಗೇಟಿಗೆ ಒರಗಿ ನಿಂತಿದ್ದಳು. "ಎಲ್ಲಿಗೆ ಇಂದಾಯ್?" ಎಂದಳು, ಅದೇ ರಾಗ, ಅದೇ ಎಳೆತ.

"ಬೂಟು ತರೋಕೆ, ತಿಯಾ."

ಪ್ರೆಸಿಂಗ್ ತನ್ನ ತಲೆಯ ಪಕ್ಕದಲ್ಲಿ ತೂಗುತ್ತಿದ್ದ ರಟ್ಟಿನ ಪಾದವನ್ನು ಬೆರಳಿನಿಂದ ತಟ್ಟಿ, "ನಂದು ಇಲ್ಲೇ ಮೊಳೆ ಮೇಲಿರತ್ತೆ. ಬಂದು ತಗೊಳ್ಳೋವರೆಗೂ ತೆಗಿಯಲ್ಲ," ಎಂದಳು. ಸೈಡ್‌ಕಾರ್ ತಿರುವಿಗೆ ಹೋಗುವ ಮೊದಲೇ ಅವಳು ಕೈ ತೊಳೆದುಕೊಂಡು ಬೇಲಿಯ ಸಂದಿನಿಂದ ನಾನಾಯ್ ಸಲುದಳ ಮನೆಯೊಳಗೆ ಹೋದಳು.